ಎಪ್ಪತ್ತೆಂಟು ಕಿಲೋ ಮರಳು

"ಗುರುಗಳೇ, ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಹೋಗಿ ನೋಡಿ ಬಾ ಎನ್ನುತ್ತೀರಿ. ಅವನ ಸ್ವಭಾವ ನನಗೆ ಗೊತ್ತು. ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾನೆ. ಗೊತ್ತಿದ್ದೂ ಯಾಕೆ ಹೋಗಲಿ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ರೇಸಿನ ಕಾರುಗಳ ಚಕ್ರ ಹದಗೊಳಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಯಾವ ಚಕ್ರ ಎಷ್ಟು ವಾಲಬೇಕು, ಯಾವ ಸ್ಪ್ರಿಂಗ್ ಎಷ್ಟು ಬಿಗಿಯಬೇಕು ಎಂಬುದನ್ನು ಕಾರಿನ ಪಕ್ಕಕ್ಕೆ ದಾರ ಕಟ್ಟಿ, ನಾಲ್ಕೂ ಚಕ್ರಗಳ ಅಡಿ ತೂಕದ ಯಂತ್ರ ಇಟ್ಟು ನೋಡುತ್ತಿದ್ದ. ಬರೀ ಕಾರನ್ನು ಅಳೆದರೆ ಸಾಲದು. ಓಡಿಸುವವನ ಭಾರವೂ ಸೀಟಿನಲ್ಲಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಕಾರು ಕೈಕೊಡುತ್ತದೆ.

ಅವನಿಗೆ ಇದ್ದದ್ದು ಒಬ್ಬನೇ ಗೆಳೆಯ, ಒಬ್ಬ ರೇಸುಗಾರ. ಪ್ರತಿ ರೇಸಿಗೆ ಮುಂಚೆ ಬಂದು, ಹೆಲ್ಮೆಟ್ ಹಾಕಿಕೊಂಡು ಎರಡು ಗಂಟೆ ಸೀಟಿನಲ್ಲಿ ಕೂರುತ್ತಿದ್ದ. ಸುಮ್ಮನಿರುವ ಜಾಯಮಾನ ಅವನದಲ್ಲ. ಊರ ಸುದ್ದಿಯೆಲ್ಲ ಬೇಕು. ಅವನು ನಕ್ಕಾಗಲೆಲ್ಲ ತೂಕದ ಅಂಕಿ ಅಲುಗುತ್ತಿತ್ತು. ಮೆಕ್ಯಾನಿಕ್ ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತಿತ್ತು.

ಒಂದು ದಿನ ಬೇಸತ್ತು ಅವನು ಗೆಳೆಯನನ್ನು ತೂಗಿದ. ಎಪ್ಪತ್ತೆಂಟು ಕಿಲೋ. ಅಷ್ಟೇ ಮರಳನ್ನು ಚೀಲಗಳಿಗೆ ತುಂಬಿ, ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದ. "ಇನ್ನು ಮೇಲೆ ನೀನು ಬರೋದು ಬೇಡ. ಕಾರು ಕಳಿಸು ಸಾಕು," ಎಂದ.

ಆಮೇಲೆ ಕಾರು ಮಾತ್ರ ಬರತೊಡಗಿತು. ಬೇರೆ ಯಾರೋ ತಂದು ಬಿಟ್ಟು ಹೋಗುತ್ತಿದ್ದರು.

ಕೆಲಸ ಬೇಗ ಮುಗಿಯುತ್ತಿತ್ತು. ಮರಳು ಅಲುಗಾಡುವುದಿಲ್ಲ. ಉಳಿದ ಹೊತ್ತನ್ನು ಏನು ಮಾಡಬೇಕೆಂದು ಮೆಕ್ಯಾನಿಕ್‌ಗೆ ತಿಳಿಯುತ್ತಿರಲಿಲ್ಲ. ಶೆಡ್ಡಿನಲ್ಲಿ ಅವನ ಕೆಮ್ಮು ಅವನಿಗೇ ಕೇಳಿಸುತ್ತಿತ್ತು. ಗೆಳೆಯನನ್ನು ಕರೆಯಬೇಕೆಂದು ಎಷ್ಟೋ ಸಲ ಅನ್ನಿಸಿತು. ಬೇಡ ಎಂದವನು ತಾನೇ, ಯಾವ ಮುಖ ಇಟ್ಟುಕೊಂಡು ಕರೆಯುವುದು? ಹೀಗೇ ಮೂರು ವರ್ಷ ಕಳೆಯಿತು.

ನಾಲ್ಕನೆಯ ವರ್ಷ ಗೆಳೆಯ ಹೇಳಿಕಳಿಸಿದ. ಎಡ ತಿರುವಿನಲ್ಲಿ ಸರಿಯಿದೆ, ಬಲ ತಿರುವಿನಲ್ಲಿ ಕಾರು ಜಾರುತ್ತಿದೆ. ಮೆಕ್ಯಾನಿಕ್ ಚೀಲಗಳನ್ನು ಕೂರಿಸಿ ಅಳೆದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಿಂದಕ್ಕೆ ಕಳಿಸಿದ. ಮತ್ತೆ ಅದೇ ದೂರು ಬಂತು. ಮತ್ತೆ ಅಳೆದ. ಮೂರನೆಯ ಸಲ ಸಿಟ್ಟು ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗುತ್ತ, ತಪ್ಪು ಯಾರದೆಂದು ತೋರಿಸಿಯೇ ಬಿಡಲು ರೇಸಿನ ಟ್ರ್ಯಾಕಿಗೆ ಹೊರಟ.

ಕಾರು ಬಂದು ನಿಂತಿತು. ಇಳಿದವನನ್ನು ಮೆಕ್ಯಾನಿಕ್ ಮೊದಲು ಗುರುತಿಸಲಿಲ್ಲ. ಕೆನ್ನೆ ಬತ್ತಿತ್ತು. ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು.

"ಒಂದೂವರೆ ವರ್ಷದಿಂದ ಕಾಯಿಲೆ ಕಣೋ," ಎಂದ ಗೆಳೆಯ.

"ನನಗೊಂದು ಮಾತು ಹೇಳಬಾರದಿತ್ತಾ?"

"ಕಾರು ಕಳಿಸು ಸಾಕು ಅಂದಿದ್ದೆಯಲ್ಲ."

ಮೆಕ್ಯಾನಿಕ್ ಅವನನ್ನು ಶೆಡ್ಡಿಗೆ ಕರೆತಂದು, ಸೀಟಿನಲ್ಲಿ ಕೂರಿಸಿ ತೂಗಿದ. ಇಪ್ಪತ್ತೊಂದು ಕಿಲೋ ಕಡಿಮೆ. ಗೆಳೆಯ ಇಷ್ಟು ಕರಗಿಹೋಗುವ ತನಕ ತಾನು ಮರಳಿಗೆ ಬೆಲ್ಟು ಕಟ್ಟುತ್ತಿದ್ದೆನಲ್ಲ ಎಂದು ದಾರ ಹಿಡಿದುಕೊಂಡೇ ಅತ್ತ. ಗೆಳೆಯನಿಗೆ ಹೆಚ್ಚು ಹೊತ್ತು ಕೂರಲು ಆಗಲಿಲ್ಲ. ನಡುನಡುವೆ ಎಬ್ಬಿಸಿ ಮಲಗಿಸುತ್ತ, ಎರಡು ಗಂಟೆಯ ಕೆಲಸವನ್ನು ಮೂರು ದಿನ ಮಾಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕಾರು ಸರಿಹೋಯಿತೇ?" ಎಂದು ಚನ್ನವೀರ ಕೇಳಿದ.

"ಕಾರು ಸರಿಹೋಯಿತು. ಗೆಳೆಯ ಅದನ್ನು ಓಡಿಸಿದ್ದು ಎರಡೇ ತಿಂಗಳು."

ಚನ್ನವೀರ ಹಟ ಬಿಡದೆ, "ನಮ್ಮಣ್ಣ ಹಾಗಲ್ಲ, ಗುರುಗಳೇ. ಅವನು ಬದಲಾಗುವ ಆಸಾಮಿಯೇ ಅಲ್ಲ," ಎಂದ.

ಗುರುಗಳು ಕೇಳಿದರು: "ನೀನು ಬಲ್ಲ ಆ ಅಣ್ಣನ ತಲೆಗೂದಲು ಇನ್ನೂ ಕಪ್ಪಗಿದೆಯೇ?"