ಹನ್ನೆರಡನೇ ಬಾಗಿಲು

ಹನ್ನೆರಡು ಮನೆಗೂ ಬಾಗಿಲು ಕೂರೋ ತನಕ ಯಾವ ಮನೆ ಯಾರದು ಅಂತ ಯಾರೂ ಗೊತ್ತುಮಾಡಿಕೊಳ್ಳಬಾರದು. ಇದು ಹೊಳೆಸಾಲು ಅನ್ನೋ ಊರಿನವರು ತಾವೇ ಕೂತು ಮಾಡಿಕೊಂಡ ಕಟ್ಟು ಮಗಾ, ಆಮೇಲೆ ತಾವೇ ಒಬ್ಬರಾದ ಮೇಲೆ ಒಬ್ಬರು ಮುರಿದರಂತೆ. ಕಣ್ಣು ಮುಚ್ಚಿಕೋ, ಹೇಳ್ತೀನಿ.

ಹೊಳೆಗಳಿಗೆ ಇನ್ನೂ ಹೆಸರಿಡದೆ ಇದ್ದ ಕಾಲದಲ್ಲಿ, ಒಂದು ಸಲ ಹೊಳೆ ಉಕ್ಕಿ ಬಂದು ಹೊಳೆಸಾಲಿನ ಒಂದು ಗೋಡೆಯನ್ನೂ ಬಿಡದೆ ಬಳಿದುಕೊಂಡು ಹೋಯಿತಂತೆ. ಉಳಿದ ಹನ್ನೆರಡು ಸಂಸಾರ ದಿಬ್ಬದ ಮೇಲೆ ಹುಣಸೆಮರದ ಕೆಳಗೆ ಚಾಪೆ ಕಟ್ಟಿಕೊಂಡು ಕೂತವಂತೆ. ಒಬ್ಬ ಹೆಂಗಸು ಸೀರೆ ಬದಲಾಯಿಸಬೇಕಾದರೆ ಇನ್ನಿಬ್ಬರು ಕಂಬಳಿ ಅಡ್ಡ ಹಿಡಿದು ನಿಲ್ಲಬೇಕು, ಗಾಳಿ ಬಂದರೆ ಅದೂ ಹಾರಬೇಕು, ಅಂಥ ಬಾಳು. ರಾಜನ ಕಡೆಯವರು ಬಂದು, ಊರಾಚೆ ಕುದುರೆ ಲಾಯ ಇದೆ, ಎಲ್ಲರೂ ಅದರಲ್ಲಿ ಬಿದ್ದಿರಿ ಅಂದರಂತೆ. ಕುದುರೆಗಳನ್ನ ಎಲ್ಲಿ ಮಲಗಿಸ್ತೀರಿ ಸ್ವಾಮಿ, ಅರಮನೇಲಾ ಅಂತ ಕೇಳಿದಳಂತೆ ಬಡಗಿ ಕಾಳಮ್ಮ. ಗಂಡ ಹೊಳೆ ಪಾಲಾದ ಮೇಲೆ ಅವನ ಬಾಚಿ, ಉಳಿ ಕೈಗೆ ತಗೊಂಡವಳು ಅವಳು.

ಆಮೇಲೆ ಊರವರೆಲ್ಲ ಸೇರಿ, ನಮ್ಮ ಮನೆ ನಾವೇ ಕಟ್ಟಿಕೊಳ್ಳೋಣ, ಎಲ್ಲರ ಮನೆಗೂ ಎಲ್ಲರೂ ಕೈಹಾಕೋಣ, ಕೊನೇ ಬಾಗಿಲು ಕೂತ ದಿನ ಗಡಿಗೆಯಿಂದ ಚೀಟಿ ಎತ್ತೋಣ ಅಂದುಕೊಂಡರಂತೆ. ತನ್ನದು ಯಾವುದು ಅಂತ ಗೊತ್ತಿಲ್ಲದವನು ಹನ್ನೆರಡನ್ನೂ ತನ್ನದು ಅಂತಲೇ ಕಟ್ಟುತ್ತಾನಲ್ಲ, ಅದಕ್ಕೆ.

ಒಂದು ತಿಂಗಳು ಸರಿಯಾಗೇ ನಡೀತಂತೆ. ಆಮೇಲೆ ಪಟೇಲ ಜವರಪ್ಪ ದಿಬ್ಬದ ನೆತ್ತಿಯ ಮನೆಗೆ ಸುಣ್ಣದ ಬೊಟ್ಟಿಟ್ಟು, ಇದು ನಂದು ಅಂತ ಒಳಗೊಳಗೇ ಅಂದುಕೊಂಡ, ಒಳ್ಳೇ ಕಲ್ಲೆಲ್ಲ ಅಲ್ಲಿಗೇ ಸಾಗಿತು. ಆಮೇಲೆ ಗಾರೆ ಕೆಲಸದ ಮುದ್ದಯ್ಯ ಬಾವಿ ಪಕ್ಕದ ಮನೆಗೆ ತನಗೇ ಅಂತ ಬೆಲ್ಲದ ನೀರು ಬೆರೆಸಿದ ಗಟ್ಟಿ ಗಾರೆ ಮೆತ್ತಿದ. ಆಮೇಲೆ ಅವರನ್ನ ನೋಡಿದವರು, ಅವರನ್ನ ನೋಡಿದವರನ್ನ ನೋಡಿದವರು, ಒಬ್ಬೊಬ್ಬರೂ ಒಂದೊಂದಕ್ಕೆ ಬೊಟ್ಟಿಟ್ಟರಂತೆ, ಬಾಗಿಲು ಕೆತ್ತುತ್ತಾ ಇದ್ದ ಕಾಳಮ್ಮನ ಪಾಲಿಗೂ ತಾವೇ ಒಂದಕ್ಕೆ ಇಟ್ಟರಂತೆ. ಗಡಿಗೆ ಬರೀ ಶಾಸ್ತ್ರಕ್ಕೆ ಅಂತ ಗುಸುಗುಸು ಆಯಿತು. ಕಡೆಗೆ ಹೊಳೆ ಕಡೆ ತುದೀಲಿ ಒಂದು ಮನೆ ಯಾರ ಬೊಟ್ಟೂ ಇಲ್ಲದೆ ಉಳೀತು. ಅದರ ಗೋಡೆ ಬರೀ ಮರಳು, ಚೂರುಗಲ್ಲು. ಎರಡು ಮಕ್ಕಳನ್ನ ಕಟ್ಟಿಕೊಂಡು ಮೇಲಿನೂರಿಂದ ತೇಲಿಬಂದ ಬುಟ್ಟಿ ಹೆಣೆಯೋ ಚೌಡಿ ಅಂತ ಒಬ್ಬಳು ಆ ಹನ್ನೆರಡರಲ್ಲಿ ಸೇರಿದ್ದಳು, ಅವಳಿಗೆ ಇಷ್ಟು ಸಾಕು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಅಂದುಕೊಂಡರು.

ಹನ್ನೊಂದು ಬಾಗಿಲು ಕೂರಿಸಿ, ಹನ್ನೆರಡನೇದನ್ನ ಹೊತ್ತುಕೊಂಡು ಬಂದ ಕಾಳಮ್ಮ ಆ ಗೋಡೆಗೆ ಬೆರಳಿಟ್ಟಳು, ಬೆರಳು ಗೆಣ್ಣಿನ ತನಕ ಒಳಗೆ ಹೋಯಿತಂತೆ. ಬಾಗಿಲನ್ನ ನೆಲಕ್ಕೆ ಮಲಗಿಸಿ ಅದರ ಮೇಲೆ ಕೂತೇಬಿಟ್ಟಳು. ಈ ಗೋಡೆಗೆ ನಾನು ಬಾಗಿಲು ಕೂರಿಸಲ್ಲ. ಬಾಗಿಲು ಕೂರದೆ ಚೀಟಿ ಇಲ್ಲ. ಚೀಟಿ ಇಲ್ಲದೆ ಯಾರೂ ಹೊಸಿಲು ದಾಟೋ ಹಾಗಿಲ್ಲ. ನಿಮ್ಮದೇ ಕಟ್ಟು ಅಂದಳು.

ಮೊದಲನೇ ದಿನ ಪಟೇಲ ಬಂದು, ಕಾಳಮ್ಮ, ನಿನಗೆ ಬೇಕಾದ ಮನೆ ಆರಿಸಿಕೋ, ಚೀಟಿ ನಾನು ನೋಡ್ಕೋತೀನಿ ಅಂದನಂತೆ. ಆರಿಸಿಕೊಳ್ಳೋದಾದರೆ ಗಡಿಗೆ ಯಾಕೆ ಪಟೇಲರೇ, ಅದರಲ್ಲಿ ಮಜ್ಜಿಗೆ ಕಡೀರಿ ಅಂದಳು.

ಎರಡನೇ ದಿನ ಮಳೆ ಹಿಡೀತು. ಮುದ್ದಯ್ಯ ಬಂದು, ನಿನ್ನ ಹಟಕ್ಕೆ ಊರ ಕೂಸೆಲ್ಲ ನೆನೀಬೇಕಾ, ಹೆಂಗಸಿನ ಕೈಗೆ ಬಾಚಿ ಸಿಕ್ಕರೆ ಹೀಗೇ ಅಂದನಂತೆ. ನಾನೂ ನೆನೀತಿದೀನಿ ಮುದ್ದಯ್ಯ, ಆದರೆ ಕರಗ್ತಾ ಇರೋದು ನೀನು ಕಟ್ಟಿದ ಗೋಡೆ, ನನ್ನ ಬಾಗಿಲಲ್ಲ ಅಂದಳು.

ಮೂರನೇ ದಿನ ಚೌಡಿನೇ ಬಂದಳು. ಅಕ್ಕಾ, ನನಗೆ ಇದೇ ಸಾಕು, ಒಳಗಡೆ ಒಂದು ಚಿಲಕ ಇದ್ದರೆ ಆಯ್ತು, ನನ್ನ ದೆಸೆಯಿಂದ ನೀನು ಊರವರ ಬಾಯಿಗೆ ಬೀಳಬೇಡ ಅಂದಳಂತೆ. ಎರಡು ದಿನ ಅಲ್ಲಾಡದೆ ಕೂತಿದ್ದ ಕಾಳಮ್ಮ ಈಗ ಸರಿದು ಬಾಗಿಲ ಮೇಲೆ ಅವಳಿಗೂ ಜಾಗ ಮಾಡಿದಳು. ಆಮೇಲೆ ಕೇಳಿದಳು, ಅದು ನಿನ್ನ ಮನೆ ಅಂತ ನಿನಗೆ ಯಾರು ಹೇಳಿದರು?

ಚೌಡಿ ಮರದ ಕೆಳಗೆ ಕೂತಿದ್ದವರ ಕಡೆ ನೋಡಿದಳು.

ಚೀಟಿ ಇನ್ನೂ ಎತ್ತಿಲ್ಲ ಕಣೇ, ಅದು ನಂದೂ ಆಗಬಹುದು, ಪಟೇಲರದೂ ಆಗಬಹುದು ಅಂತ ಮರದ ಕೆಳಗಿನವರಿಗೆಲ್ಲ ಕೇಳೋ ಹಾಗೆ ಹೇಳಿ, ಕಾಳಮ್ಮ ಎದ್ದು ಹೋಗಿ, ಆ ಗೋಡೆಗೆ ಹೆಗಲು ಕೊಟ್ಟು ನೂಕಿದಳಂತೆ. ಒಂದೇ ನೂಕಿಗೆ ಗೋಡೆ ನೆಲ ಕಂಡಿತು.

ಆಮೇಲೆ ಪಟೇಲನ ಹೆಂಡತಿ ದೇವೀರಮ್ಮ, ಕಂಬಳಿ ಹಿಡಿದೂ ಹಿಡಿದೂ ಕೈ ಸೋತವಳು, ನೆತ್ತಿಯ ಮನೆ ಜಗಲಿಯಿಂದ ಒಂದು ಚಪ್ಪಡಿ ಕಿತ್ತು ತಲೆ ಮೇಲೆ ಹೊತ್ತು ತಂದಳಂತೆ. ಅದು ನಮ್ಮನೆ ಕಲ್ಲು ಕಣೇ ಅಂದ ಪಟೇಲ. ಯಾವ ನಮ್ಮನೆ ಅಂದಳು ಅವಳು. ಆಮೇಲೆ ಒಬ್ಬೊಬ್ಬರೂ ಎದ್ದರು, ಕಲ್ಲು ಬಂತು, ಬೆಲ್ಲದ ಗಾರೆ ಬಂತು, ಒಂಬತ್ತು ದಿನಕ್ಕೆ ಗೋಡೆ ಎದ್ದು ನಿಂತಿತು, ಮುದ್ದಯ್ಯ ಬೆರಳಿಟ್ಟರೆ ಬೆರಳೇ ನೋಯ್ತಂತೆ.

ಯಾರಿಗೆ ಯಾವ ಮನೆ ಬಂತು ಅಂತೀಯಾ? ಹನ್ನೆರಡೂ ಒಂದೇ ಆದ ಮೇಲೆ ಅದನ್ನ ಯಾರು ನೆನಪಿಟ್ಟುಕೋತಾರೆ ಮಗಾ. ಎಲ್ಲರೂ ಹಾಲುಕ್ಕಿಸಿದರು, ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗಿದರು, ಅಲ್ಲಿಗೆ ಕತೇನೂ ಮುಗೀತು. ನೀನು ಮರೀಬಾರದ್ದು ಇಷ್ಟೇ. ಚೀಟಿ ಎತ್ತೋಕೆ ಮುಂಚೆ ಕಾಳಮ್ಮ ಹನ್ನೆರಡನೇ ಬಾಗಿಲು ಎತ್ತಿ ಕೂರಿಸಿ, ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, ಹೊರಗೆ ಬಂದು ಬಾಚಿಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಈಗ ತನ್ನಿ ಗಡಿಗೆ ಅಂದಳಂತೆ.