ಕಡಲಿಗೆ ಬಿಟ್ಟ ಮೀನು

“ಗುರುಗಳೇ, ಬೆಟ್ಟ ಒಡೆದು ಕಲ್ಲು ತೆಗೆಯುವುದು ನನ್ನ ಕಸುಬು. ತಪ್ಪೆಂದು ಗೊತ್ತು, ಆದರೆ ಬಿಡಲಾರೆ. ಅದಕ್ಕೇ ವರ್ಷವರ್ಷವೂ ಬೆಟ್ಟದ ಬುಡದಲ್ಲಿ ಗಿಡ ನೆಡಿಸುತ್ತೇನೆ. ತೆಗೆದುಕೊಂಡದ್ದರಲ್ಲಿ ಇಷ್ಟಾದರೂ ಹಿಂದಕ್ಕೆ ಕೊಟ್ಟರೆ ಸಾಲದೇ?” ಎಂದು ಶಿಷ್ಯನೊಬ್ಬನು ಕೇಳಿದನು.

ಇಂಥ ಪ್ರಶ್ನೆಯನ್ನು ಕೇಳಿ ಕೇಳಿ ಗುರುಗಳಿಗೆ ಸಾಕಾಗಿತ್ತು. ಗೋಡೆಗೆ ಒರಗಿ ಕುಳಿತು ಒಂದು ಕತೆ ಹೇಳಿದರು.

ಕಡಲತೀರದಲ್ಲಿ ಒಬ್ಬ ಮೀನುಗಾರನಿದ್ದನು. ಅವನ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ನೇಮವಿತ್ತು. ಬಲೆಗೆ ಬಿದ್ದ ಮೀನುಗಳಲ್ಲಿ ಮೊಟ್ಟೆ ತುಂಬಿದ ಒಂದನ್ನು “ಹೋಗಿ ಬಾ ತಾಯಿ” ಎಂದು ಕಡಲಿಗೆ ಬಿಡಬೇಕು. ಅಪ್ಪ ಮುದುಕನಾದ ಮೇಲೆ ಇವನು ಅಪ್ಪನ ದೋಣಿಯನ್ನು ಮಾರಿ ದೊಡ್ಡ ಟ್ರಾಲರ್ ತಂದನು. ಅದರ ಬಲೆಗೆ ಕಬ್ಬಿಣದ ಭಾರ. ಕಡಲ ತಳವನ್ನೇ ಕೆರೆದುಕೊಂಡು ತಾಸುಗಟ್ಟಲೆ ಸಾಗುತ್ತಿತ್ತು. ಮೇಲೆ ಬರುವಾಗ ಕಲ್ಲು, ಕೆಸರು, ಏಡಿ, ಬೆರಳುದ್ದದ ಮರಿಗಳು ಎಲ್ಲವೂ ಒಂದೇ ಮುದ್ದೆ.

ಆದರೂ ಅವನು ನೇಮ ತಪ್ಪಿದವನಲ್ಲ. ರಟ್ಟೆ ಸೋತಿದ್ದರೂ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೊಟ್ಟೆ ತುಂಬಿದ ಮೀನೊಂದನ್ನು ಹುಡುಕಿ, ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಡುತ್ತಿದ್ದನು. ಮೀನು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹದ್ದು ಬಂದು ಎತ್ತಿಕೊಂಡು ಹೋಗುತ್ತಿತ್ತು. ಅವನು ಮಾತ್ರ ಅತ್ತ ನೋಡುತ್ತಲೇ ಇರಲಿಲ್ಲ. ನೇಮ ಮುಗಿಯಿತೆಂದು ಮತ್ತೆ ಬಲೆ ಇಳಿಸುತ್ತಿದ್ದನು.

ವರ್ಷಗಳು ಕಳೆದಂತೆ ಮೀನು ಕಡಿಮೆಯಾಯಿತು. ಅವನಿಗೆ ಹೆದರಿಕೆಯಾಯಿತು. ಒಂದರ ಬದಲು ಹತ್ತು ಬಿಟ್ಟನು. ಆಮೇಲೆ ಬುಟ್ಟಿಗಟ್ಟಲೆ ಬಿಟ್ಟನು. ಪಾಪ, ಭಕ್ತಿಗೇನೂ ಕೊರತೆಯಿರಲಿಲ್ಲ. ಕೊನೆಗೊಂದು ದಿನ ಬಲೆಯಲ್ಲಿ ಬರೀ ಕೆಸರು ಬಂತು. ತಿನ್ನುವುದು ಹಾಗಿರಲಿ, ಬಿಡುವುದಕ್ಕೂ ಒಂದು ಮೀನಿರಲಿಲ್ಲ.

ಅವನು ಮನೆಗೆ ಬಂದು, ಜಗಲಿಯಲ್ಲಿ ಮಲಗಿದ್ದ ಅಪ್ಪನ ಕಾಲ ಬಳಿ ಕುಸಿದು ಕುಳಿತನು. ಹೊಟ್ಟೆಪಾಡಿನ ಚಿಂತೆಗಿಂತ ಅನ್ಯಾಯವಾಯಿತೆಂಬ ಸಂಕಟವೇ ಅವನಿಗೆ ಹೆಚ್ಚಾಗಿತ್ತು.

“ಅಪ್ಪಯ್ಯ, ಒಂದು ದಿನ ತಪ್ಪಿಸ್ಲಿಲ್ಲ, ಬಿಡ್ತಾನೇ ಬಂದೆ. ಕಡಲಿಗೆ ನನ್ನ ಮೇಲೆ ಎಂಥ ಸಿಟ್ಟು?”

“ನಾನು ಬಿಟ್ಟದ್ದು ಬಾಲ ಬಡ್ದು ಓಡ್ತಿತ್ತು ಮಗ,” ಎಂದನು ಮುದುಕ. “ನೀನು ಬಿಟ್ಟದ್ರಲ್ಲಿ ಒಂದಾದ್ರೂ ಓಡಿದ್ದು ಕಂಡಿದ್ಯಾ?”

ಮಾರನೆಯ ದಿನವೂ ಮಗನು ಟ್ರಾಲರನ್ನೇ ಹೊರಡಿಸಿದನು. ಬೇರೆ ದೋಣಿ ಅವನಲ್ಲಿ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, “ಹಾಗಾದರೆ ಅವನು ಇನ್ನೂ ಬೇಗ ಬೇಗ ಆರಿಸಿ ಬಿಡಬೇಕಿತ್ತು, ಅಲ್ಲವೇ ಗುರುಗಳೇ?” ಎಂದನು.

ಗುರುಗಳು ಹೇಳಿದರು: “ಕೊಂದ ಮೇಲೆ ಹಿಂದಕ್ಕೆ ಕೊಡಲು ಏನು ಉಳಿದಿರುತ್ತದಪ್ಪ?”