ಸುಣ್ಣದಹಾಳದ ಪರೀಕ್ಷೆ

ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮ ಎಂದು ಕರೆದವರು ಊರಿನವರು. ಒಳಗೆ ಹೋಗಿ ನೋಡಿದರೆ ಒಂದು ಉದ್ದನೆಯ ಪಡಸಾಲೆ, ಐದು ಹಳೆಯ ಕಂಪ್ಯೂಟರು, ಕಾಲಿಗೆ ತೊಡರುವ ವೈರು. ಜಪ ತಪ ಯಾವುದೂ ಇರಲಿಲ್ಲ.

ಅಲ್ಲಿನ ಗುರು ಮರುಳಯ್ಯನವರು. ಎಪ್ಪತ್ತು ದಾಟಿದವರು. ಒಂದು ಕಾಲಕ್ಕೆ ಸರ್ವೆ ಕೆಲಸದಲ್ಲಿ ಸರಪಳಿ ಹಿಡಿದು ಆ ಸೀಮೆಯ ಊರೂರು ಅಳೆದವರು. ನಿವೃತ್ತಿಯಾದ ಮೇಲೆ ಹಟಕ್ಕೆ ಬಿದ್ದು ಕಂಪ್ಯೂಟರು ಕಲಿತರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರು ಕಲಿಸುತ್ತಿದ್ದುದು ಒಂದೇ ವಿದ್ಯೆ. ವಿಳಾಸ ಹೇಳಿದರೆ ಸಾಕು, ಆ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ನಕ್ಷೆಯಲ್ಲಿ ಚುಕ್ಕಿ ಇಟ್ಟು ತೋರಿಸುವ ತಂತ್ರಾಂಶ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಹತ್ತಾರು ದೇಶದ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು.

ಎಲ್ಲರೂ ತಿದ್ದುವ ಕಡೆ ಎಲ್ಲರೂ ಕೆಡಿಸಲೂ ಬಹುದು. ಅದಕ್ಕೇ ಪರೀಕ್ಷೆ ಬೇಕು.

ಶಿಷ್ಯರಲ್ಲಿ ಮಹಾನಂದಾ ಎಂಬವಳು ಚುರುಕಿನವಳು. ವಯಸ್ಸು ಇಪ್ಪತ್ತಾರು. ನಮ್ಮ ಸೀಮೆಯ ಊರುಗಳಿಗೆ ಒಂದು ಪರೀಕ್ಷಾ ವ್ಯವಸ್ಥೆ ಕಟ್ಟು ಎಂದು ಅಜ್ಜಾರು ಅವಳಿಗೇ ಹೇಳಿದರು. ಪಕ್ಕದ ಪಟ್ಟಣದಲ್ಲಿ ದಾನಿಗಳು ನಡೆಸುತ್ತಿದ್ದ ಒಂದು ಆಂಬುಲೆನ್ಸು ಇತ್ತು. ಪರೀಕ್ಷೆ ಮುಗಿದು ಅಜ್ಜಾರು ಸಹಿ ಹಾಕಿದ ದಿನದಿಂದ ಈ ತಂತ್ರಾಂಶವನ್ನೇ ನಂಬಿ ಗಾಡಿ ಓಡಿಸುತ್ತೇವೆ ಎಂದು ಅವರು ಕಾದು ಕೂತಿದ್ದರು.

ಹನ್ನೊಂದು ದಿನ ಮಹಾನಂದಾ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಒಂದು ಪ್ರೋಗ್ರಾಮು ಹಾಕಿದರೆ ಅದು ಇನ್ನೊಂದು ಬೇಕೆನ್ನುತ್ತಿತ್ತು. ಇನ್ನೊಂದು ಹಾಕಿದರೆ ಮೊದಲನೆಯದು ಮುನಿಸಿಕೊಳ್ಳುತ್ತಿತ್ತು. ಇಡೀ ದೇಶದ ನಕ್ಷೆ ತುಂಬಲು ಹೋಗಿ ಯಂತ್ರದ ಹೊಟ್ಟೆ ಉಬ್ಬಿ ನಿಂತೇಹೋಯಿತು. ಕೊನೆಗೆ ಒಂದೇ ಜಿಲ್ಲೆಯ ತುಂಡು ಕತ್ತರಿಸಿ ತುಂಬಿದಳು.

ಕೆಲಸಕ್ಕೆ ಬಳಸುವ ಡೇಟಾಬೇಸು ಬೇರೆ, ಪರೀಕ್ಷೆಗೆ ಬಳಸುವುದು ಬೇರೆ ಮಾಡಿದಳು. ಪರೀಕ್ಷೆಯದನ್ನು ಎಷ್ಟು ಸಲ ಅಳಿಸಿ ಎಷ್ಟು ಸಲ ಕಟ್ಟಿದರೂ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಅಳಿಸಿ ಕಟ್ಟಲು ಏಳೇ ನಿಮಿಷ. ಅಜ್ಜಾರು ನೋಡಿ ತಲೆದೂಗಿದರು. ಅವರು ತಲೆದೂಗುವುದು ವರ್ಷಕ್ಕೆ ಒಂದೋ ಎರಡೋ ಸಲ.

ಇನ್ನು ಪ್ರಶ್ನೆಗಳು ಉಳಿದವು. ಊರಿಗೊಂದರಂತೆ ಇನ್ನೂರ ನಲವತ್ತು ವಿಳಾಸ, ಒಂದೊಂದಕ್ಕೂ ಒಂದು ಸರಿಯುತ್ತರ. ತಂತ್ರಾಂಶ ಇಡುವ ಚುಕ್ಕಿ ನಾವು ಬರೆದಿಟ್ಟ ಉತ್ತರಕ್ಕೆ ಹೊಂದಿದರೆ ಪರದೆಯ ಮೇಲೆ ಹಸಿರು, ಹೊಂದದಿದ್ದರೆ ಕೆಂಪು.

ಸರಿಯುತ್ತರ ಬರೆಯುವುದಕ್ಕೆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಬರೆಯುವವರು ಆ ಜಾಗಕ್ಕೆ ಹೋಗಿ ನಿಲ್ಲಬೇಕು. ಅಲ್ಲಿ ಬಾಳುವ ಒಬ್ಬರನ್ನು ಕೇಳಬೇಕು. ವಹಿಯಲ್ಲಿ ಉತ್ತರದ ಪಕ್ಕಕ್ಕೆ ‘ಯಾರನ್ನು ಕೇಳಿದೆ’ ಎಂಬ ಒಂದು ಅಂಕಣ ಇರುತ್ತಿತ್ತು. ಅದು ಖಾಲಿ ಇದ್ದರೆ ಅಜ್ಜಾರು ವಹಿಯನ್ನು ಮುಟ್ಟುತ್ತಲೇ ಇರಲಿಲ್ಲ.

ಮಹಾನಂದಾ ದಿನಕ್ಕೊಂದರಂತೆ ಮೂವತ್ತೊಂದು ಊರಿಗೆ ಹೋದಳು. ಚೈತ್ರದ ಬಿಸಿಲು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಲವು ಕಡೆ ನಾಯಿ ಬೆನ್ನು ಹತ್ತಿದವು, ಕೆಲವು ಕಡೆ ಯಾವ ಇಲಾಖೆಯವಳು, ಏನು ಕೊಡುತ್ತೀ ಎಂದು ಜನ ಬೆನ್ನು ಹತ್ತಿದರು. ಮೂವತ್ತೆರಡನೆಯ ದಿನ ಅವಳಿಗೆ ಸಾಕಾಯಿತು.

ತಿಂಗಳ ಕೊನೆಗೆ ತಂತ್ರಾಂಶದ ಹೊಸ ಆವೃತ್ತಿ ಜಗತ್ತಿಗೆಲ್ಲ ಬಿಡುಗಡೆಯಾಗುವುದಿತ್ತು. ಅದರೊಳಗೆ ತನ್ನ ಕೆಲಸ ಸೇರಬೇಕು ಎಂಬ ಆಸೆ ಅವಳಿಗೆ. ಆಸೆ ತಪ್ಪಲ್ಲ. ಆದರೆ ಆಮೇಲೆ ಅವಳು ಮಾಡಿದ್ದು ತಪ್ಪು.

ಉಳಿದ ಇನ್ನೂರ ಒಂಬತ್ತು ವಿಳಾಸಗಳನ್ನು ಅವಳು ತಂತ್ರಾಂಶಕ್ಕೇ ಕೇಳಿದಳು. ಅದು ಎಲ್ಲಿ ಚುಕ್ಕಿ ಇಟ್ಟಿತೋ ಅದನ್ನೇ ಸರಿಯುತ್ತರ ಎಂದು ಬರೆದುಕೊಂಡಳು. ಪರೀಕ್ಷೆಗೆ ಕೂತವನಿಂದಲೇ ಉತ್ತರ ಪಡೆದು, ಅದನ್ನೇ ಹಿಡಿದು ಅವನಿಗೆ ಅಂಕ ಕೊಟ್ಟ ಹಾಗಾಯಿತು. ‘ಯಾರನ್ನು ಕೇಳಿದೆ’ ಎಂಬಲ್ಲಿ ತನಗೆ ತೋಚಿದ ಹೆಸರು ತುಂಬಿದಳು. ಹೆಸರು ಮುಗಿದಾಗ ‘ಕಿರಾಣಿ ಅಂಗಡಿಯವರು’ ಎಂದಳು, ‘ನೀರು ತರುತ್ತಿದ್ದ ಹೆಂಗಸು’ ಎಂದಳು. ಸುಣ್ಣದಹಾಳ ಎಂಬ ಊರಿಗೆ ಬಂದಾಗ ‘ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು’ ಎಂದು ಬರೆದಳು.

ಪರೀಕ್ಷೆ ಓಡಿಸಿದಳು. ಇನ್ನೂರ ನಲವತ್ತೂ ಹಸಿರು.

ಅಜ್ಜಾರು ವಹಿ ತರಿಸಿಕೊಂಡು ಪುಟ ಪುಟ ತಿರುವಿದರು. ಯಾವ ಅಂಕಣವೂ ಖಾಲಿ ಇರಲಿಲ್ಲ. ಕೊನೆಯ ಪುಟದಲ್ಲಿ ಸಹಿ ಹಾಕಿದರು.

ಹತ್ತೊಂಬತ್ತು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಆಂಬುಲೆನ್ಸಿನ ಡ್ರೈವರು ಆಶ್ರಮಕ್ಕೆ ಬಂದ. ಕೆಲಸಕ್ಕೂ ಈ ಸೀಮೆಗೂ ಹೊಸಬ. ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತ.

“ಅಕ್ಕಾರ,” ಎಂದ ಮಹಾನಂದಾಳಿಗೆ, “ನಿಮ್ಮ ಚುಕ್ಕಿ ನೀರಾಗ ಐತ್ರಿ.”

ಆಮೇಲೆ ನಡೆದದ್ದನ್ನು ಹೇಳಿದ. ಹಿಂದಿನ ದಿನ ಬೆಳಿಗ್ಗೆ ಸುಣ್ಣದಹಾಳದಿಂದ ಫೋನು ಬಂದಿತ್ತು. ದ್ಯಾಮವ್ವ ಎಂಬ ಹೆಣ್ಣುಮಗಳಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ಇವನು ತಂತ್ರಾಂಶ ತೋರಿಸಿದ ದಾರಿ ಹಿಡಿದು ಹೋದ. ಹೋಗಿ ಹೋಗಿ ರಸ್ತೆ ನೀರಿನೊಳಗೆ ಇಳಿಯಿತು. ಮುಂದೆ ಕಣ್ಣಿಗೆ ಕಾಣುವಷ್ಟು ದೂರ ಆಣೆಕಟ್ಟಿನ ಹಿನ್ನೀರು. ಫೋನು ಮಾಡೋಣವೆಂದರೆ ಅಲ್ಲಿ ಸಿಗ್ನಲ್ ಇಲ್ಲ. ಯಾರನ್ನಾದರೂ ಕೇಳೋಣವೆಂದರೆ ಬೆಳ್ಳಕ್ಕಿ ಬಿಟ್ಟರೆ ಜೀವವಿಲ್ಲ.

ಸುಣ್ಣದಹಾಳ ಮುಳುಗಿ ಇಪ್ಪತ್ತೆರಡು ವರ್ಷವಾಗಿತ್ತು. ಜನರನ್ನು ಎಬ್ಬಿಸಿ ಹದಿನಾಲ್ಕು ಕಿಲೋಮೀಟರು ಆಚೆ ಗುಡ್ಡದ ಬಯಲಿಗೆ ತಂದು ಕೂರಿಸಿದ್ದರು. ನಕ್ಷೆಯಲ್ಲಿ ಮಾತ್ರ ಊರು ತನ್ನ ಹಳೆಯ ಜಾಗದಲ್ಲೇ ಇತ್ತು. ಇಪ್ಪತ್ತೈದು ನಿಮಿಷಕ್ಕೆ ಮುಟ್ಟಬೇಕಾದ ಗಾಡಿ ಮುಟ್ಟಿದಾಗ ಎರಡು ತಾಸು ಕಳೆದಿತ್ತು. ದ್ಯಾಮವ್ವ ಅಷ್ಟು ಹೊತ್ತು ಕಾಯಲಿಲ್ಲ.

ಡ್ರೈವರು ಹೋದ ಮೇಲೆ ಮಹಾನಂದಾ ಅಜ್ಜಾರ ಮುಂದೆ ಹೋಗಿ ಕೂತು ಎಲ್ಲವನ್ನೂ ಒಪ್ಪಿಕೊಂಡಳು. ಮೂವತ್ತೊಂದು ಊರು, ಸುಳ್ಳು ಹೆಸರುಗಳು, ನಕಲು ಮಾಡಿದ ಉತ್ತರಗಳು, ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದಳು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ಪರೀಕ್ಷೆ ಓಡಿಸು,” ಎಂದರು ಅಜ್ಜಾರು.

ಓಡಿಸಿದಳು. ಇನ್ನೂರ ನಲವತ್ತೂ ಹಸಿರು.

“ಇನ್ನೊಮ್ಮೆ.”

ಮತ್ತೆ ಹಸಿರು. ಹೀಗೆ ಆರು ಸಲ ಓಡಿಸಿದರು. ಆರನೆಯ ಸಲ ಅವಳು ಆ ಬಣ್ಣ ನೋಡಲಾಗದೆ ಮುಖ ಮುಚ್ಚಿಕೊಂಡಳು.

“ನನ್ನ ಹೊರಗ ಹಾಕಿಬಿಡ್ರಿ, ಅಜ್ಜಾರ,” ಎಂದಳು.

“ಹೊರಗ ಹೋಗಾಕೇ ಹೇಳೂದೈತಿ,” ಎಂದರು ಅವರು. “ಸುಣ್ಣದಹಾಳಕ್ಕ ಹೋಗು. ಉತ್ತರ ಕೇಳಕೊಂಡು ಬಾ.”

ಮರುದಿನವೇ ಹೋದಳು. ಊರೆಂದರೆ ಸಾಲಾಗಿ ನಂಬರು ಬರೆದ ಮನೆಗಳು, ನಡುವೆ ನೇರ ರಸ್ತೆ. ಜನ ಮಾತ್ರ ಹಳೆಯ ಊರಿನ ಲೆಕ್ಕದಲ್ಲಿ ಇದು ಅಗಸಿ ಓಣಿ, ಅದು ಬಾವಿ ಓಣಿ ಎಂದು ತೋರಿಸಿದರು. ಅಲ್ಲಿ ಅಗಸಿ ಎನ್ನುವ ಊರಬಾಗಿಲೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಗುಡಿಯ ಕಟ್ಟೆಯಂತೂ ಇಪ್ಪತ್ತೆರಡು ವರ್ಷದ ಹಿಂದೆಯೇ ನೀರಿನ ತಳ ಸೇರಿತ್ತು. ತಾನು ವಹಿಯಲ್ಲಿ ಕೂರಿಸಿದ್ದ ಹಿರಿಯರು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ದ್ಯಾಮವ್ವನ ಗಂಡ ಲಗಮಪ್ಪ ಮನೆಯ ಮುಂದೆ ಕೂತಿದ್ದ. ಯಾವುದೋ ಕಚೇರಿಯವಳು ಇರಬೇಕೆಂದುಕೊಂಡು ಚಾಪೆ ಹಾಸಿದ, ತಂಬಿಗೆಯಲ್ಲಿ ನೀರು ತಂದಿಟ್ಟ. ಕುಡಿಯುವ ಮೊದಲೇ ಅವಳು ತಾನು ಯಾರೆಂದು ಹೇಳಿದಳು. ಮಾಡಿದ್ದನ್ನೂ ಹೇಳಿದಳು. ತಂತ್ರಾಂಶ, ಪರೀಕ್ಷೆ ಎಂದರೆ ಅವನಿಗೇನೂ ತಿಳಿಯಲಿಲ್ಲ. ಆದರೆ ಬರದೆಯೇ ಬಂದಿದ್ದೆನೆಂದು ಬರೆದಳು ಎಂಬುದು ತಿಳಿಯಿತು.

ಅವನು ಕೂಗಾಡಲಿಲ್ಲ. ತಂಬಿಗೆಯನ್ನು ಎತ್ತಿಕೊಂಡು ಒಳಗೆ ಇಟ್ಟು ಬಂದ.

“ಈಗರ ಬರಕೋರಿ,” ಎಂದ. “ಅಗಸಿ ಓಣಿ, ಎಡಗಡೆ ಏಳನೇ ಮನಿ.”

ಅವಳು ಬರೆದುಕೊಂಡಳು. ತನ್ನ ಗುರು ಮರುಳಯ್ಯನವರು ಎಂದು ಅವಳು ಹೇಳಿದಾಗ ಅವನಿಗೆ ಏನೋ ನೆನಪಾಯಿತು. ಊರು ಮುಳುಗಿಸುವ ಮುಂಚೆ ಪ್ರತಿ ಮನೆ, ಪ್ರತಿ ಹೊಲ ಅಳೆದು ಬರೆದುಕೊಂಡು ಹೋದವರು ಮರುಳಯ್ಯ ಎಂಬ ಸರ್ವೆಯವರೇ ಅಲ್ಲವೇ ಎಂದು ಕೇಳಿದ. ಹದಿನೈದು ದಿನ ಗುಡಿಯಲ್ಲೇ ಇಳಿದುಕೊಂಡಿದ್ದರಂತೆ. ದ್ಯಾಮವ್ವ ಆಗ ಹೊಸದಾಗಿ ಮದುವೆಯಾಗಿ ಬಂದಿದ್ದವಳು, ಅವರಿಗೆ ರೊಟ್ಟಿ ಬುತ್ತಿ ಕಟ್ಟಿ ಕಳಿಸುತ್ತಿದ್ದಳಂತೆ.

ಮಹಾನಂದಾಳಿಗೆ ಆವರೆಗೆ ದುಃಖವಿತ್ತು. ಈಗ ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಸಿಟ್ಟನ್ನೇ ಬೆಳೆಸಿಕೊಂಡು ಬಂದಳು. ಸಿಟ್ಟು ಬಂದದ್ದು ಅವಳಿಗೆ ಒಂದು ಬಗೆಯಲ್ಲಿ ಅನುಕೂಲವೇ ಆಯಿತು. ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರಲ್ಲ.

“ಆ ಊರು ಮುಳುಗೇತಿ ಅಂತ ನಿಮಗ ಗೊತ್ತಿತ್ತು,” ಎಂದಳು ಗುರುವಿನ ಮುಂದೆ ನಿಂತು. “ಅಳದವರು ನೀವಽ. ಗುಡಿ ಕಟ್ಟಿ ಮ್ಯಾಲ ಹಿರಿಯರು ಕುಂತಿದ್ರು ಅಂತ ನಾ ಬರದದ್ದನ್ನ ಓದಿದ್ರಿ. ಸಹಿ ಯಾಕ ಹಾಕಿದ್ರಿ?”

ಅಜ್ಜಾರು ವಹಿ ಎಳೆದುಕೊಂಡು ಆ ಪುಟ ತೆಗೆದರು.

“ನಿನ್ನ ಅಕ್ಷರ ಚಂದ ಇದ್ದವು. ಅಷ್ಟಽ ನೋಡಿದೆ,” ಎಂದರು.

ಆ ದಿನದಿಂದ ಇಬ್ಬರ ನಡುವೆ ಮಾತು ಕಡಿಮೆಯಾಯಿತು.

ತಂತ್ರಾಂಶವನ್ನು ಬಳಸಬೇಡಿ ಎಂದು ಡ್ರೈವರು ಬಂದ ದಿನವೇ ಆಂಬುಲೆನ್ಸಿನವರಿಗೆ ಹೇಳಿ ಕಳಿಸಿದ್ದರು. ಮಹಾನಂದಾ ಸುಳ್ಳು ಉತ್ತರಗಳನ್ನೆಲ್ಲ ಅಳಿಸಿದಳು. ಸುಣ್ಣದಹಾಳದ ಮುಂದೆ ಲಗಮಪ್ಪ ಹೇಳಿದ್ದನ್ನು ಬರೆದು ಪರೀಕ್ಷೆ ಓಡಿಸಿದಾಗ ಮೊದಲ ಬಾರಿಗೆ ಕೆಂಪು ಕಂಡಿತು. ಆಮೇಲೆ ಮತ್ತೆ ಬಸ್ಸು ಹಿಡಿದಳು. ಬಿಸಿಲು ಹೋಗಿ ಮಳೆ ಬಂತು, ಮಳೆ ಹೋಗಿ ಜೋಳ ಎದೆಯೆತ್ತರ ಬೆಳೆಯಿತು. ಉಳಿದ ಇನ್ನೂರ ಎಂಟು ಜಾಗದಲ್ಲೂ ಹೋಗಿ ನಿಂತಳು, ಕೇಳಿದಳು, ಹೇಳಿದವರ ಕೈಯಲ್ಲೇ ವಹಿಯಲ್ಲಿ ಹೆಸರು ಬರೆಸಿಕೊಂಡಳು. ಹತ್ತೊಂಬತ್ತು ಉತ್ತರ ತಪ್ಪಿದ್ದವು. ಅದರಲ್ಲಿ ಆರು ನೀರಿನೊಳಗಿದ್ದವು.

ನಕ್ಷೆ ತಿದ್ದಿದಳು. ಹುಡುಕಿದಾಗ ಮುಳುಗಿದ ಊರಿನ ಹಳೆಯ ಜಾಗ ಹಿಂದಕ್ಕೆ, ಜನ ಬಾಳುವ ಜಾಗ ಮುಂದಕ್ಕೆ ಬರುವಂತೆ ತಂತ್ರಾಂಶವನ್ನೂ ತಿದ್ದಿದಳು. ಹೊರದೇಶದವರು ಅವಳ ತಿದ್ದುಪಡಿ ಓದಿ, ನಮ್ಮಲ್ಲೂ ಇಂಥ ಊರುಗಳಿವೆ, ಇದನ್ನು ಎಲ್ಲರಿಗೂ ಸೇರಿಸಿಕೊಳ್ಳುತ್ತೇವೆ ಎಂದು ಬರೆದರು.

ಈಗ ಬಂದ ಹಸಿರು ನಿಜವಾದ ಹಸಿರು. ಆದರೂ ಅವಳಿಗೆ ನೆಮ್ಮದಿ ಸಿಗಲಿಲ್ಲ.

ಒಂದು ಕೆಲಸ ಬಾಕಿಯಿತ್ತು. ಪ್ರತಿ ವಿಳಾಸದ ಪರೀಕ್ಷೆಗೂ ಒಂದು ಹೆಸರು ಇಡಬೇಕು. ಮುಂದೆ ಯಾವ ದೇಶದಲ್ಲಿ ಯಾರು ತಂತ್ರಾಂಶ ತಿದ್ದಿದರೂ ಆ ಪರೀಕ್ಷೆ ಓಡುತ್ತದೆ. ಪಾಸಾದರೆ ಸುಮ್ಮನೆ ಹಸಿರು ಚುಕ್ಕಿ ಬೀಳುತ್ತದೆ. ಸೋತರೆ ಮಾತ್ರ ಅದರ ಹೆಸರು ಕೆಂಪು ಅಕ್ಷರದಲ್ಲಿ ಪರದೆಯ ಮೇಲೆ ಬರುತ್ತದೆ.

ಮಹಾನಂದಾ ಎರಡು ದಿನ ಯೋಚಿಸಿ ಸುಣ್ಣದಹಾಳದ ಪರೀಕ್ಷೆಗೆ ‘ದ್ಯಾಮವ್ವ’ ಎಂದು ಹೆಸರಿಟ್ಟಳು. ಇಟ್ಟೊಡನೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ತಿಂಗಳುಗಟ್ಟಲೆ ಆದ ಮೇಲೆ ಅಂದು ಹೊಟ್ಟೆ ತುಂಬ ಉಂಡಳು. ಸಂಜೆ ಅಜ್ಜಾರನ್ನು ಕರೆತಂದು ಪರದೆಯ ಮುಂದೆ ಕೂರಿಸಿದಳು. ಒಮ್ಮೆ ತಲೆದೂಗಲಿ ಎಂಬ ಆಸೆ ಅವಳಿಗಿತ್ತು.

ಅಜ್ಜಾರು ಕನ್ನಡಕ ಏರಿಸಿ ಓದಿದರು. ಅವರ ಮುಖ ಸಣ್ಣದಾಯಿತು.

“ಇದು ಯಾಕ?”

“ಆಕಿ ಹೆಸರು ಉಳೀಲಿ ಅಂತ್ರಿ.”

“ಯಾವಾಗ ಕಾಣತೈತಿ ಈ ಹೆಸರು?”

“ಪರೀಕ್ಷೆ ಸೋತಾಗ್ರಿ.”

“ಯಾರ ಕಣ್ಣಿಗೆ?”

“ಯಾರು ಓಡಿಸ್ತಾರೋ ಅವರ ಕಣ್ಣಿಗೆ. ಎಲ್ಲಾ ದೇಶದಾಗೂ.”

“ಆಕಿ ಏನು ತಪ್ಪು ಮಾಡಿದ್ಲು?”

ಮಹಾನಂದಾಳ ಎದೆಯಿಂದ ಸರಿದಿದ್ದ ಕಲ್ಲು ಮತ್ತೆ ಬಂದು ಕೂತಿತು.

“ಅಳಿಸು,” ಎಂದರು ಅಜ್ಜಾರು. “ಅಲ್ಲಿ ನಿನ್ನ ಹೆಸರು ಬರಿ. ಬರದು, ಅದರ ಪಕ್ಕಕ್ಕ ನಂದೂ ಬರಿ.”